ಪಂಚರ ಸಮಕ್ಷಮ

ಯಾವ ಅಂಗಿ ಹಾಕಿಕೊಳ್ಳಬೇಕೆಂಬುದು ಬೆಳಿಗ್ಗೆ ಎದ್ದಾಗಿನಿಂದ ಧರ್ಮೇಶನಿಗೆ ತೀರ್ಮಾನವಾಗಿರಲಿಲ್ಲ. ಬಿಳಿಯದನ್ನು ತೊಟ್ಟು ಕನ್ನಡಿಯ ಮುಂದೆ ನಿಂತರೆ ಸತ್ಯವಂತನ ವೇಷ ಹಾಕಿಕೊಂಡವನ ಹಾಗೆ ಕಂಡ. ಅದನ್ನು ಬಿಚ್ಚಿ ನೀಲಿ ಗೆರೆಯದನ್ನು ತೊಟ್ಟರೆ ಇವತ್ತೇನೂ ವಿಶೇಷವಿಲ್ಲ, ದಿನದ ಹಾಗೆ ಹಳೇಬೀಡಿನ ಆಫೀಸಿಗೆ ಹೊರಟಿದ್ದೇನೆ ಎಂದು ತನ್ನನ್ನೇ ನಂಬಿಸುತ್ತಿರುವವನ ಹಾಗೆ. ಮೀನಾಕ್ಷಿ ಒಲೆಯ ಮುಂದಿನಿಂದಲೇ, ಕೋರ್ಟಲ್ಲಿ ನಿಮ್ಮ ಅಂಗಿ ಯಾರೂ ನೋಡಲ್ಲ, ಏಳೂಕಾಲರ ಬಸ್ಸು ತಪ್ಪಿದರೆ ಮಾತ್ರ ಎಲ್ಲರೂ ನೋಡ್ತಾರೆ ಎಂದಳು. ಅವಳು ತಮಾಷೆಗೆ ಹೇಳಿದ್ದು. ಮದುವೆಯಾಗಿ ಹನ್ನೊಂದು ವರ್ಷವಾದರೂ ಅವಳ ತಮಾಷೆ ಅವನೊಳಗೆ ಇಳಿದ ಮೇಲೆ ತಮಾಷೆಯಾಗಿಯೇ ಉಳಿದದ್ದಿಲ್ಲ. ಕೊನೆಗೆ ನೀಲಿ ಗೆರೆಯದನ್ನೇ ಹಾಕಿಕೊಂಡು, ನಾಲ್ಕು ಮಡಿಕೆ ಮಾಡಿದ ಸಮನ್ಸನ್ನು ಜೇಬಿಗಿಟ್ಟು, ಅದು ಹೊರಗೆ ಇಣುಕುತ್ತಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿಕೊಂಡು ಹೊರಗೆ ಬಂದ. ಅಪ್ಪ ಮರಿಯಣ್ಣ ಕಟ್ಟೆಯ ಮೇಲೆ ಟೀ ಲೋಟ ಹಿಡಿದು ಕೂತಿದ್ದ. ಮಗ ಸಾಕ್ಷಿ ಹೇಳಲು ಅರಸೀಕೆರೆಗೆ ಹೋಗುತ್ತಿದ್ದಾನೆಂಬುದು ಅವನಿಗೆ ಗೊತ್ತಿತ್ತು. ಯಾವ ಕೇಸು ಎಂಬುದೂ ಗೊತ್ತಿತ್ತು, ಏಕೆಂದರೆ ಆ ಬರ್ಮಾದವನ ಕೇಸು ಸುತ್ತ ಮೂರು ತಾಲ್ಲೂಕಿಗೂ ಗೊತ್ತಿತ್ತು. ಲೋಟದೊಳಗೆ ನೋಡುತ್ತಲೇ ಕೇಳಿದ:

"ನೀನು ಕಣ್ಣಾರೆ ನೋಡಿದ್ಯೇನ್ಲಾ ಮಗಾ?"

ಬಸ್ಸಿಗೆ ಹೊತ್ತಾಯಿತು ಎಂದು ಧರ್ಮೇಶ ಚಪ್ಪಲಿ ಮೆಟ್ಟಿದ. ಬಸ್ತಿಹಳ್ಳಿಯ ಬಸದಿಗಳನ್ನು ದಾಟುವಾಗ ಆ ಕಡೆ ನೋಡಬಾರದು ಅಂದುಕೊಂಡು ನೋಡಿದ. ಏಳೆಂಟು ವರ್ಷದವನಿದ್ದಾಗ ಅಪ್ಪ ಅವನನ್ನು ಒಳಗೆ ಕರೆದುಕೊಂಡು ಹೋಗಿ ಕರಿ ಕಲ್ಲಿನ ಕಂಬದ ಮುಂದೆ ನಿಲ್ಲಿಸಿದ್ದ. ಎಣ್ಣೆ ಸವರಿದ ಹಾಗೆ ಹೊಳೆಯುವ ಆ ಕಂಬದಲ್ಲಿ ಒಂದು ಕಡೆ ನಿಂತರೆ ಅವನು ಜಿರಾಫೆಯಷ್ಟು ಉದ್ದ, ಅರ್ಧ ಹೆಜ್ಜೆ ಸರಿದರೆ ತಲೆಯೇ ಇಲ್ಲದ ಕುಳ್ಳ. ಇದರಲ್ಲಿ ಯಾವುದಪ್ಪ ನಾನು ಎಂದು ಗಾಬರಿಯಾಗಿ ಕೇಳಿದ್ದಕ್ಕೆ ಅಪ್ಪ, ಎಲ್ಲಾ ನೀನೇ ಕಣ್ಲಾ ಎಂದು ನಕ್ಕಿದ್ದ. ಅಪ್ಪ ಹಾಗೆ ನಗುತ್ತಿದ್ದದ್ದು ಆ ತೆಂಗಿನಕಾಯಿಯ ಪ್ರಕರಣಕ್ಕೆ ಮುಂಚೆ.

ಜಾವಗಲ್ಲು ದಾಟುವ ಹೊತ್ತಿಗೆ ಬಸ್ಸು ತುಂಬಿತು. ಮುಂದಿನ ಸೀಟಿನಲ್ಲಿ ಕೂತ ಇಬ್ಬರು ಒಂದೇ ಫೋನಿನ ಮೇಲೆ ಬಗ್ಗಿಕೊಂಡು ಅರಸೀಕೆರೆಯ ಧರಣಿಯ ವಿಡಿಯೋ ನೋಡುತ್ತಿದ್ದರು. ಬಸ್‌ ಸ್ಟ್ಯಾಂಡಿನ ಹತ್ತಿರ ಶಾಮಿಯಾನ, ಹಾರ ಹಾಕಿದ ಮುದುಕಿಯ ಫೋಟೋ, 'ಗಡೀಪಾರು ಮಾಡಿ' ಎಂಬ ಬ್ಯಾನರು. ಇವತ್ತಿಗೆ ಹದಿನೇಳನೆಯ ದಿನವಂತೆ. ಮೂರು ವರ್ಷದಿಂದ ಅವನಿಗೆ ಅನ್ನ ಹಾಕಿ ಸಾಕುತ್ತಿದ್ದಾರೆ, ಇಲ್ಲಿ ಕೇಸು ಅಂತಾರೆ, ಡೆಲ್ಲಿಯಲ್ಲಿ ಅರ್ಜಿ ಅಂತಾರೆ, ಅರ್ಜಿ ತೀರ್ಮಾನ ಆಗೋವರೆಗೆ ಕಳಿಸಂಗಿಲ್ಲ, ಕೇಸು ತೀರೋವರೆಗೆ ಅರ್ಜಿ ನೋಡಂಗಿಲ್ಲ ಅಂತಾರೆ ಎಂದು ಒಬ್ಬ ಹೇಳಿದ. ನಮ್ಮ ಮನೆ ಖಾತೆ ಬದಲಾಯಿಸಿಕೊಡಕ್ಕೇ ನಾಲ್ಕು ವರ್ಷ ತಗೊಂಡ್ರು, ಇನ್ನು ಅವನ್ನ ದೇಶ ದಾಟಿಸ್ತಾರಾ ಎಂದು ಇನ್ನೊಬ್ಬ ಹೇಳಿದಾಗ ಸುತ್ತ ಕೂತವರೆಲ್ಲ ನಕ್ಕರು. ಧರ್ಮೇಶನೂ ನಕ್ಕ. ಇಂಥ ಮಾತು ಅವನೂ ಆಡಿದ್ದ, ಒಂದು ಸಲವಲ್ಲ. ಆಫೀಸಿನ ಎದುರಿನ ಟೀ ಅಂಗಡಿಯಲ್ಲಿ ಯಾರಾದರೂ ಆ ವಿಷಯ ಎತ್ತಿದರೆ, ಸುಮ್ಮನಿದ್ದರೆ ಅನುಮಾನ ಬಂದೀತೆಂಬ ಹೆದರಿಕೆಗೆ ಎಲ್ಲರಿಗಿಂತ ಮೊದಲು ತಾನೇ, ಇಷ್ಟು ನಿಧಾನ ಆದ್ರೆ ಹೆಂಗೆ ಸಾರ್, ಜನಕ್ಕೆ ಕಾನೂನಿನ ಮೇಲೆ ನಂಬಿಕೆ ಹೋಗುತ್ತೆ ಎನ್ನುತ್ತಿದ್ದ. ಹೇಳುವಾಗ ಅದು ಸುಳ್ಳು ಅನ್ನಿಸುತ್ತಿರಲಿಲ್ಲ. ಸಿಟ್ಟು ಬರುತ್ತಿದ್ದದ್ದೂ ನಿಜವೇ. ಆ ಸಿಟ್ಟಿಗೆ ಎಲ್ಲಿ ಹೋಗಿ ಕೂರಬೇಕೆಂದು ಗೊತ್ತಿಲ್ಲದೆ, ಎಲ್ಲರ ಸಿಟ್ಟು ಹೋಗಿ ಕೂತಲ್ಲೇ ಹೋಗಿ ಕೂರುತ್ತಿತ್ತು.

ಮೂರು ವರ್ಷದ ಹಿಂದೆ ಅವನು ಹಾರನಹಳ್ಳಿಯ ಪಂಚಾಯ್ತಿಯಲ್ಲಿ ದ್ವಿತೀಯ ದರ್ಜೆ ಸಹಾಯಕ. ಹಗಲು ಕೆಲಸ ಮಾಡಿ, ಸಂಜೆ ಬಸ್ಸು ಹತ್ತಿ ಹೋಗಿ, ಸಂಜೆ ಕಾಲೇಜಿನ ಕೊನೆಯ ಬೆಂಚಿನಲ್ಲಿ ತೂಕಡಿಸುತ್ತ ಆರು ವರ್ಷಕ್ಕೆ ಬಿ.ಎ. ಮುಗಿಸಿದ್ದ, ಸರ್ಟಿಫಿಕೇಟು ಬಂದು ಹದಿನೈದು ದಿನವಾಗಿತ್ತು. ಊರಾಚೆಯ ತೋಟದ ಮನೆಯಲ್ಲಿ ಶಿವಗಂಗಮ್ಮ ಎಂಬ ಮುದುಕಿಯನ್ನು ಯಾರೋ ತಳ್ಳಿ ಕೊರಳ ಸರ ಕಿತ್ತುಕೊಂಡು ಹೋಗಿದ್ದರು. ಆಕೆಯ ಸೊಂಟ ಮುರಿದಿತ್ತು. ಮುಖ ನೋಡಲಿಲ್ಲ, ಬೆನ್ನ ಹಿಂದಿನಿಂದ ಬಂದ ಎಂದಷ್ಟೇ ಹೇಳಿದ್ದಳು. ನಾಲ್ಕನೆಯ ದಿನ, ನಾರಿನ ಫ್ಯಾಕ್ಟರಿಯ ಶೆಡ್ಡಿನಲ್ಲಿದ್ದ ಬರ್ಮಾದ ಕೆಲಸಗಾರನೊಬ್ಬನನ್ನು ಹಿಡಿದಿದ್ದಾರೆ ಎಂಬ ಸುದ್ದಿ ಬಂತು. ಸಂಜೆ ಜಡಿಮಳೆ ಹಿಡಿದಿತ್ತು. ಹೆಡ್‌ ಕಾನ್‌ಸ್ಟೇಬಲ್‌ ಇಂದ್ರೇಶ್‌ ರೇನ್‌ಕೋಟಿನ ಒಳಗಿಂದ ನೆನೆಯದ ನಾಲ್ಕು ಹಾಳೆ ತೆಗೆದು ಮೇಜಿನ ಮೇಲಿಟ್ಟು, ಮಹಜರು, ಇಬ್ಬರು ಪಂಚರು ಬೇಕು, ಗಂಗಾಧರಯ್ಯನವರು ಆಗಲೇ ಹಾಕಿದ್ದಾರೆ, ಊರಲ್ಲಿ ವಿದ್ಯಾವಂತರು ಅಂದ್ರೆ ಇನ್ನು ನೀವೇ ಎಂದ. ಶೆಡ್ಡಿನ ಹತ್ತಿರ ಬರಬೇಕಾ ಎಂದು ಧರ್ಮೇಶ ಕೇಳಿದ್ದು ನಿಜ. ಈ ಮಳೇಲಿ ಯಾಕೆ ಸಾಹೇಬ್ರೇ, ನಾವೆಲ್ಲ ನೋಡಿದ್ದೀವಲ್ಲ ಎಂದು ಇಂದ್ರೇಶ ಪೆನ್ನಿನ ಕ್ಯಾಪು ತೆಗೆದು ಕೊಟ್ಟ.

ಸಾಹೇಬ್ರೇ ಎಂದು ಅವನನ್ನು ಅದಕ್ಕೆ ಮೊದಲು ಯಾರೂ ಕರೆದಿರಲಿಲ್ಲ. ಅವರ ಮನೆತನದಲ್ಲಿ ಪೋಲೀಸರ ಕಾಗದದ ಮೇಲೆ ಹೆಸರು ಬಂದಿದ್ದರೆ ಅದು ಇನ್ನೊಂದು ಜಾಗದಲ್ಲಿ ಬಂದಿತ್ತು. ಪಂಚರ ಜಾಗ ಬೇರೆಯವರದು: ಮೇಷ್ಟ್ರುಗಳದು, ಪಟೇಲರದು, ತೋಟದವರದು. ಅವನು ಹಾಳೆಗಳನ್ನು ಓದಿದ; ಆರೋಪಿಯು ತಾನಾಗಿ ತೋರಿಸಿಕೊಟ್ಟ ಶೆಡ್ಡಿನ ಈಶಾನ್ಯ ಮೂಲೆಯಲ್ಲಿ ನಾರಿನ ಮೂಟೆಯ ಕೆಳಗೆ ಹಸಿರು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಎರಡೆಳೆಯ ಬಂಗಾರದ ಸರವನ್ನು ಪಂಚರಾದ ನಮ್ಮ ಸಮಕ್ಷಮ ಜಪ್ತಿ ಮಾಡಲಾಯಿತು. ಓದಿ, ಪ್ರತಿ ಹಾಳೆಯ ಕೆಳಗೂ ದುಂಡಗೆ ಸಹಿ ಹಾಕಿದ. ಸಹಿಯ ಮುಂದೆ ಒಂದು ಕಾಮಾ ಇಟ್ಟು 'ಬಿ.ಎ.' ಎಂದು ಸೇರಿಸಿದ. ನಾಲ್ಕು ಹಾಳೆಗೂ ಸೇರಿಸಿದ.

ಈಗ ಬಾಣಾವರದ ಹತ್ತಿರ ಬಸ್ಸು ಗುಂಡಿಗೆ ಬಿದ್ದು ಎದ್ದಾಗ ಅವನಿಗೆ ಕಂಡದ್ದು ಆ ಹಸಿರು ಬಟ್ಟೆ. ನೋಡದ ಶೆಡ್ಡು ಮೂರು ವರ್ಷದಲ್ಲಿ ಅವನ ಕಣ್ಣಿಗೆ ಕಟ್ಟಿಬಿಟ್ಟಿತ್ತು. ಮೂಟೆಯ ಮೇಲಿನ ಧೂಳು, ತಗಡಿನ ತೂತಿನಿಂದ ಬಿದ್ದ ಬೆಳಕು, ಮಡಿಕೆ ಬಿಚ್ಚಿದಾಗ ಮಿಂಚಿದ ಸರ. ಕೆಲವು ದಿನ ಅವನು ನಿಜಕ್ಕೂ ಅಲ್ಲಿಗೆ ಹೋಗಿದ್ದನೆಂದೇ ಅನ್ನಿಸುತ್ತಿತ್ತು. ಆಗ ಮಳೆಯನ್ನು ನೆನಪಿಸಿಕೊಳ್ಳುತ್ತಿದ್ದ. ಹೋಗಿದ್ದರೆ ಚಪ್ಪಲಿಗೆ ಕೆಸರಾಗುತ್ತಿತ್ತು. ಆ ದಿನ ಚಪ್ಪಲಿ ಒಣಗಿತ್ತು. ಅವನ ಸತ್ಯವೆಲ್ಲ ಆ ಒಣಗಿದ ಚಪ್ಪಲಿಯ ಮೇಲೆ ನಿಂತಿತ್ತು. ಶಿವಗಂಗಮ್ಮ ಹದಿನಾಲ್ಕು ತಿಂಗಳು ಮಲಗಿದಲ್ಲೇ ನರಳಿ ತೀರಿಕೊಂಡಳು. ಗಂಗಾಧರಯ್ಯನೂ ಹೋದ ವರ್ಷ ತೀರಿಕೊಂಡ. ಲಿಯಾನ್‌ ಎಂಬ ಆ ಬರ್ಮಾದವನು ಹಾಸನದ ಜೈಲಿನಲ್ಲಿದ್ದ. ತನ್ನ ಊರಿಗೆ ಹಿಂದೆ ಕಳಿಸಿದರೆ ಕೊಲ್ಲುತ್ತಾರೆ, ಇಲ್ಲೇ ಆಶ್ರಯ ಕೊಡಿ ಎಂದು ಡೆಲ್ಲಿಗೆ ಬರೆದ ಅರ್ಜಿ ಎಲ್ಲೋ ಒಂದು ಕಪಾಟಿನಲ್ಲಿತ್ತು. ಊರಿನವರ ಸಿಟ್ಟು ಮಾತ್ರ ಕಪಾಟಿನಲ್ಲಿರಲಿಲ್ಲ.

ಅಪ್ಪನನ್ನು ಪೋಲೀಸರು ಹಿಡಿದುಕೊಂಡು ಹೋದದ್ದು ಧರ್ಮೇಶ ಸ್ಕೂಲಿಗೆ ಹೋಗುತ್ತಿದ್ದಾಗಿನ ಒಂದು ಮಧ್ಯಾಹ್ನ. ತೋಟದ ನೀರು ನೋಡಿಕೊಳ್ಳುತ್ತಿದ್ದವನ ಮೇಲೆ ನೂರಿಪ್ಪತ್ತು ತೆಂಗಿನಕಾಯಿಯ ಕಳವು. ಮೂರು ದಿನ ಠಾಣೆಯಲ್ಲಿಟ್ಟುಕೊಂಡು ಕಳಿಸಿದಾಗ ಅಪ್ಪ ಗೋಡೆ ಹಿಡಿದು ನಡೆಯುತ್ತಿದ್ದ; ಆಮೇಲೆ ಆರು ವರ್ಷ ಕೋರ್ಟಿಗೆ ಅಲೆದ. ಧರ್ಮೇಶನಿಗೆ ಮಗ್ಗಿ ಕಲಿಸಿದ ಮರುಳಪ್ಪ ಮೇಷ್ಟ್ರು ಆ ಮಹಜರಿಗೆ ಪಂಚರು. ಕಾಯಿಗಳನ್ನು ಮರಿಯಣ್ಣನ ಹಿತ್ತಲಿನಿಂದ ತಮ್ಮ ಸಮಕ್ಷಮ ತೆಗೆಯಲಾಯಿತು ಎಂದು ಕೋರ್ಟಿನಲ್ಲೂ ಹೇಳಿದರು. ಮನೆಗೆ ಹಿತ್ತಲೇ ಇರಲಿಲ್ಲ. ಅಪ್ಪ ಪೋಲೀಸರನ್ನು ಬೈದದ್ದನ್ನು ಧರ್ಮೇಶ ಕೇಳಿಲ್ಲ. ಹೊಡೆಯೋದು ಅವರ ಕೆಲಸ, ಹೊಡೆದ್ರು ಎನ್ನುತ್ತಿದ್ದ. ಆಮೇಲೆ ಸುಮಾರು ಹೊತ್ತು ಬಿಟ್ಟು, ಯಾರಿಗೂ ಅಲ್ಲದ ಹಾಗೆ, "ಮೇಷ್ಟ್ರು ಯಾಕೆ ಸಹಿ ಹಾಕಿದ್ರು?" ಎನ್ನುತ್ತಿದ್ದ. ಉಣ್ಣುವಾಗ, ಬೀಡಿ ಹಚ್ಚುವಾಗ, ಮೂವತ್ತು ವರ್ಷ ಅದೇ ಪ್ರಶ್ನೆ. ಮೇಷ್ಟ್ರು ಸತ್ತಾಗ ಮಣ್ಣಿಗೆ ಹೋಗಿ ಬಂದು ಕೂಡ ಕೇಳಿದ್ದ.

ಇವತ್ತು ಹೇಳಿಬಿಡುತ್ತೇನೆ ಎಂದು ಧರ್ಮೇಶ ಕಿಟಕಿಯ ಕಂಬಿಗೆ ಹಣೆಯಿಟ್ಟು ಹೇಳಿಕೊಂಡ. ನಾನು ಶೆಡ್ಡಿಗೆ ಹೋಗಿರಲಿಲ್ಲ. ನಾನು ಏನನ್ನೂ ನೋಡಿಲ್ಲ. ಎರಡೇ ವಾಕ್ಯ. ಸಮನ್ಸು ಬಂದ ದಿನದಿಂದ ಸ್ನಾನದ ಮನೆಯಲ್ಲಿ, ಫೈಲುಗಳ ಮಧ್ಯೆ, ಆ ಎರಡು ವಾಕ್ಯಗಳನ್ನು ಅಭ್ಯಾಸ ಮಾಡಿದ್ದ. ಕೆಲಸಕ್ಕೆ ಕುತ್ತು ಬರಬಹುದು. ಜನ ಉಗಿಯಬಹುದು, ಮುದುಕಿಯ ಮಗ ಬಸ್‌ ಸ್ಟ್ಯಾಂಡಿನಲ್ಲೇ ಕೊರಳಪಟ್ಟಿ ಹಿಡಿಯಬಹುದು. ಆ ಚಿತ್ರ ಬಂದಾಗ ಹೆದರಿಕೆಯ ಜೊತೆಗೆ ಒಂದು ಸುಖವೂ ಆಗುತ್ತಿತ್ತು, ಆ ಸುಖವನ್ನು ಗುರುತಿಸಿ ನಾಚಿಕೆಯೂ ಆಗುತ್ತಿತ್ತು. ಹರಿದ ನೀಲಿ ಅಂಗಿಯಲ್ಲಿ ಅಪ್ಪನ ಮುಂದೆ ಹೋಗಿ ನಿಲ್ಲುವುದನ್ನು ಅವನು ಕಲ್ಪಿಸಿಕೊಂಡಿದ್ದ. ಬಿಳಿಯದನ್ನು ಹಾಕದೇ ಇದ್ದದ್ದು ಅದು ಹೊಸದೆಂಬ ಕಾರಣಕ್ಕೇ ಇರಬಹುದೇ?

ಅರಸೀಕೆರೆಯಲ್ಲಿ ಶಾಮಿಯಾನವನ್ನು ತಪ್ಪಿಸಿಕೊಂಡು ಹೋಗುವ ದಾರಿ ಇರಲಿಲ್ಲ. ಮೇಜಿನ ಮೇಲೆ ಸಹಿ ಸಂಗ್ರಹದ ಉದ್ದನೆಯ ಪುಸ್ತಕ, ಅದರ ಹಿಂದೆ ಶಿವಗಂಗಮ್ಮನ ಮಗ ಉದಯಕುಮಾರ್‌. ಕೊಬ್ಬರಿ ವ್ಯಾಪಾರದ ಆ ಮನುಷ್ಯ ಮೂರು ವರ್ಷದಲ್ಲಿ ಹತ್ತು ವರ್ಷ ಮುಪ್ಪಾಗಿದ್ದ. ಹಣೆಯ ವಿಭೂತಿ ಸುಕ್ಕಿನೊಳಗೆ ಒಡೆದಿತ್ತು. ಅವನಾಗಿಯೇ ಎದ್ದು ಬಂದು, ಬನ್ನಿ ಧರ್ಮೇಶ್‌ ಅವ್ರೇ, ಬರ್ತೀರಿ ಅಂತ ಗೊತ್ತಿತ್ತು ಎಂದು ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡ. ಪುಸ್ತಕವನ್ನು ಇವನತ್ತ ತಿರುಗಿಸಿದ. ಗಡೀಪಾರು ತಡವಾಗುತ್ತಿರುವುದನ್ನು ಖಂಡಿಸಿ ಈ ಕೆಳಗೆ ಸಹಿ ಮಾಡಿರುವ ನಾವು. ಧರ್ಮೇಶ ಕೊನೆಯ ಸಾಲಿನವರೆಗೂ ಓದಿ, ನಾನು ಸರ್ಕಾರಿ ನೌಕರ ಸಾರ್‌, ಇಂಥದಕ್ಕೆಲ್ಲ ಸಹಿ ಹಾಕಂಗಿಲ್ಲ ಎಂದ. ಹೇಳಿದ ಕೂಡಲೇ, ಸರ್ಕಾರಿ ಆಫೀಸಿನಲ್ಲೇ ಕೂತು ಹಾಕಿದ ಇನ್ನೊಂದು ಸಹಿ ನೆನಪಾಯಿತು. ಉದಯಕುಮಾರ್‌ ಬೇಸರ ಮಾಡಿಕೊಳ್ಳಲಿಲ್ಲ. ತಾಯಿಯ ಫೋಟೋ ಕಡೆ ನೋಡುತ್ತ ತಗ್ಗಿದ ದನಿಯಲ್ಲಿ ಹೇಳಿದ:

"ನಂಗೆ ಅವ್ನಿಗೆ ಶಿಕ್ಷೆ ಆಗ್ಲಿ ಅಂತ ಆಸೆ ಇಲ್ಲ ಕಣ್ರೀ. ನಮ್ಮವ್ವ ಹದಿನಾಲ್ಕು ತಿಂಗಳು ಮಗ್ಗುಲು ಬದಲಾಯಿಸಕ್ಕೂ ಕೂಗ್ಬೇಕಿತ್ತು. ಅವ್ನು ಇನ್ನೂ ಇದೇ ಜಿಲ್ಲೇಲಿ ಮಲಗೆದ್ದೇಳ್ತಾನೆ ಅನ್ನೋದು ನಂಗೆ ತಡ್ಕೊಳಕ್ಕಾಗಲ್ಲ. ಹೋಗ್ಲಿ. ಎಲ್ಲಿಗಾದ್ರೂ ಹೋಗ್ಲಿ."

ಅದರಲ್ಲಿ ಸುಳ್ಳಿರಲಿಲ್ಲ. ಧರ್ಮೇಶ ದ್ವೇಷವನ್ನು ನಿರೀಕ್ಷಿಸಿ ಬಂದಿದ್ದ; ದ್ವೇಷಕ್ಕೆ ಉತ್ತರ ಕೊಡುವುದನ್ನು ಅಭ್ಯಾಸ ಮಾಡಿದ್ದ. ಈ ದಣಿದ ಮುಖದ ಮುಂದೆ ಅವನ ಎರಡು ವಾಕ್ಯಗಳು ಸಣ್ಣವಾಗಿ, ಬಾಲಿಶವಾಗಿ ಕಂಡವು. ಕೋರ್ಟಿನವರೆಗೆ ನಡೆಯುವಾಗ ಆ ವಾಕ್ಯಗಳನ್ನು ಮತ್ತೆ ಮತ್ತೆ ಹೇಳಿಕೊಂಡ, ಎಲ್ಲಿ ಮರೆತುಹೋಗುತ್ತವೋ ಎಂಬಂತೆ.

ಕೋರ್ಟಿನ ಜಗಲಿಯಲ್ಲಿ ಇಂದ್ರೇಶ ಕಾದಿದ್ದ. ಹೊಟ್ಟೆ ಬಂದಿತ್ತು, ಎ.ಎಸ್‌.ಐ. ಆಗಿದ್ದ. ಧರ್ಮೇಶನನ್ನು ಕಂಬದ ಮರೆಗೆ ಕರೆದುಕೊಂಡು ಹೋಗಿ, ಅಡಿಕೆ ಪುಡಿಯ ಪ್ಯಾಕೆಟ್ಟು ಹರಿದು ಅರ್ಧ ಇವನ ಅಂಗೈಗೆ ಹಾಕಿದ. ಇಂದ್ರೇಶ ಈಗ ಗದರಿಸುತ್ತಾನೆ, ಹೇಳಿಕೊಡುತ್ತಾನೆ, ಸರದ ಎಳೆ ಎಷ್ಟು, ಬಟ್ಟೆಯ ಬಣ್ಣ ಯಾವುದು ಎಂದು ಒಪ್ಪಿಸಿ ಅಂತಾನೆ, ಆಗ ಅವನಿಗೇ ಮೊದಲು ಹೇಳಿಬಿಡಬೇಕು ಎಂದು ಧರ್ಮೇಶ, "ನಾನು ಆವತ್ತು ಶೆಡ್ಡಿಗೆ ಬಂದಿರಲಿಲ್ಲ, ಇಂದ್ರೇಶ್‌" ಎಂದ.

"ಹೂಂ, ಅದನ್ನೇ ಹೇಳ್ಬಿಡಿ" ಎಂದ ಇಂದ್ರೇಶ.

ಧರ್ಮೇಶನಿಗೆ ಅರ್ಥವಾಗಲಿಲ್ಲ. ಇಂದ್ರೇಶ ಅಡಿಕೆಯನ್ನು ದವಡೆಗೆ ಒತ್ತರಿಸಿ, ಗಿರಾಕಿಗೆ ಲೆಕ್ಕ ಬಿಡಿಸಿ ಹೇಳುವ ಅಂಗಡಿಯವನ ತಾಳ್ಮೆಯಲ್ಲಿ ವಿವರಿಸಿದ. ಶಿವಗಂಗಮ್ಮನವರು ಮುಖ ನೋಡಿಲ್ಲ ಅಂದಿದ್ದರು, ಗಂಗಾಧರಯ್ಯನವರು ಇಲ್ಲ, ಉಳಿದಿರುವುದು ಈ ಸಾಕ್ಷಿ ಒಂದೇ. ನೀವು ನೋಡಿದೆ ಅಂದರೆ ಶಿಕ್ಷೆ ಆಗುತ್ತೆ. ಶಿಕ್ಷೆ ಆದರೆ ಇನ್ನೂ ಏಳೆಂಟು ವರ್ಷ ಅವನು ಇಲ್ಲೇ, ಅದರ ಮೇಲೆ ಅಪೀಲು. ನೋಡಿಲ್ಲ ಅಂದರೆ ಕೇಸು ಬಿತ್ತು. ಕೇಸು ಬಿದ್ದರೆ ಅವನನ್ನು ಇಲ್ಲಿ ಹಿಡಿದಿಡುವುದಕ್ಕೆ ಏನೂ ಇಲ್ಲ, ಕಳಿಸುವ ಆರ್ಡರು ಬಂದು ಕೂತಿದೆ, ಜೈಲಿನ ಬಾಗಿಲಿಗೇ ಬೇರೆ ಜೀಪು ಬರುತ್ತೆ. ಡೆಲ್ಲಿಯ ಅರ್ಜಿ? ಅರ್ಜಿ ಡೆಲ್ಲಿಲೇ ಇರ್ಲಿ ಬಿಡಿ ಎಂದು ಇಂದ್ರೇಶ ನಕ್ಕ. ಉದಯಣ್ಣಂಗೂ ಹೇಳಿದೀನಿ, ಅವರೂ ಒಪ್ಪಿದಾರೆ, ನಿಮ್ಮ ಮೇಲೆ ಏನೂ ಬರಲ್ಲ, ಪಂಚರು ತಿರುಗಿ ಬೀಳೋದು ಹೊಸದೇನಲ್ಲ. ಆಮೇಲೆ ಬೆನ್ನು ತಟ್ಟಿ, ಊರು ಮೂರು ವರ್ಷದಿಂದ ಕೇಳ್ತಿರೋದು ನಿಮ್ಮ ಒಂದು ಮಾತಲ್ಲಿ ಆಗುತ್ತೆ ಸಾಹೇಬ್ರೇ, ಇರೋದನ್ನ ಇದ್ದ ಹಾಗೆ ಹೇಳಿ ಸಾಕು ಎಂದು ಹೊರಟುಹೋದ.

ಅಂಗೈಯ ಅಡಿಕೆ ಬೆವರಿಗೆ ಒದ್ದೆಯಾಗಿತ್ತು. ಅದನ್ನು ಎಲ್ಲಿ ಎಸೆಯುವುದೆಂದು ತಿಳಿಯದೆ ಧರ್ಮೇಶ ನಲ್ಲಿಯ ಕಡೆ ನಡೆದ. ಮೂರು ವರ್ಷ ಎದೆಯೊಳಗೆ ಕೆಂಡದ ಹಾಗೆ ಇಟ್ಟುಕೊಂಡಿದ್ದ ಮಾತು ಎಲ್ಲರಿಗೂ ಬೇಕಾದ ಮಾತಾಗಿತ್ತು. ಹಾಗಾದರೆ ಹೇಳಬಾರದೇ? ಹೇಳದಿದ್ದರೆ ಮರುಳಪ್ಪ ಮೇಷ್ಟ್ರ ಸಾಲಿನಲ್ಲಿ ನಿಲ್ಲಬೇಕು. ಹೇಳಿದರೆ ಶಾಮಿಯಾನದ ಕೆಳಗೆ. ನಲ್ಲಿಯ ಹತ್ತಿರ ಇಬ್ಬರು ಕಾನ್‌ಸ್ಟೇಬಲ್‌ಗಳ ನಡುವೆ ಒಬ್ಬ ಕುಳ್ಳ ಮನುಷ್ಯ ಬಗ್ಗಿ ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದ. ಪತ್ರಿಕೆಯ ಫೋಟೋದಲ್ಲಿ ಅವನು ಎತ್ತರದವನ ಹಾಗೆ ಕಾಣುತ್ತಿದ್ದ. ಕೂದಲು ಮುಂದೆ ಉದುರಿತ್ತು, ಕಾಲಲ್ಲಿ ಬೇರೆ ಬೇರೆ ಜೊತೆಯ ಹವಾಯಿ ಚಪ್ಪಲಿ. ಕಾನ್‌ಸ್ಟೇಬಲ್‌ ಒಬ್ಬ ಫೋನಿನಲ್ಲಿದ್ದ, ಇನ್ನೊಬ್ಬ ಬೀಡಿ ಹಚ್ಚಲು ಗಾಳಿಗೆ ಬೆನ್ನು ತಿರುಗಿಸಿದ್ದ. ಆ ಮನುಷ್ಯ ಬಾಯಿ ಒರೆಸಿಕೊಂಡು ಧರ್ಮೇಶನನ್ನು ನೋಡಿದ. ಗುರುತು ಹೇಗೆ ಹತ್ತಿತೋ, ಲಾಯರು ತೋರಿಸಿರಬೇಕು. ನಾರಿನ ಫ್ಯಾಕ್ಟರಿಯಲ್ಲಿ ಅರ್ಧ, ಜೈಲಿನಲ್ಲಿ ಅರ್ಧ ಕಲಿತ ಕನ್ನಡದಲ್ಲಿ, ಊಟಕ್ಕೆ ಕೇಳುವವನ ಹಾಗೆ ತಗ್ಗಿ ಹೇಳಿದ:

"ಸಾರ್‌, ನೀವು ನೋಡಿದೆ ಹೇಳಿ. ಸರ ಇತ್ತು ಹೇಳಿ."

"ಇತ್ತಾ?" ಎಂದು ಧರ್ಮೇಶ ಕೇಳಿದ. ಕೇಳಿದ ಮೇಲೆ, ಈ ಪ್ರಶ್ನೆಯನ್ನು ಮೂರು ವರ್ಷದಲ್ಲಿ ತಾನು ಇವನಿಗೆ ಮನಸ್ಸಿನಲ್ಲಾದರೂ ಒಂದು ಸಲ ಕೇಳಿರಲಿಲ್ಲವೆಂಬುದು ಹೊಳೆಯಿತು.

ಲಿಯಾನ್‌ ಅದು ಬೇರೆ ಯಾರಿಗೋ ಕೇಳಿದ ಪ್ರಶ್ನೆಯೆಂಬಂತೆ ಕಾದ. ಆಮೇಲೆ, "ಇಲ್ಲಿ ಜೈಲು ಸಾರ್‌. ಪರವಾಗಿಲ್ಲ, ಊಟ ಇದೆ. ಅಲ್ಲಿ ಗುಂಡಿ ತೋಡು ಅಂತಾರೆ. ತೋಡಿದ್ಮೇಲೆ ಅದ್ರಲ್ಲೇ. ನಮ್ಮಣ್ಣ ತೋಡಿದ" ಎಂದ. ಎಷ್ಟು ಆಳ ಎಂದು ತೋರಿಸಲು ಸೊಂಟದ ಹತ್ತಿರ ಕೈ ಇಟ್ಟ. ಬೀಡಿ ಹತ್ತಿತು, ಕಾನ್‌ಸ್ಟೇಬಲ್‌ ತಿರುಗಿ, ಏಯ್‌ ನಡಿ ಎಂದ.

ಕರೆದಾಗ ಹನ್ನೆರಡು ದಾಟಿತ್ತು. ಕಟಕಟೆಯ ಮರ ಎಷ್ಟೋ ಕೈಗಳ ಬೆವರಿಗೆ ನುಣುಪಾಗಿ ಕಪ್ಪಾಗಿತ್ತು. ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿದ. ಸರ್ಕಾರಿ ವಕೀಲೆ ಮಾಲಿನಿ ಮಹಜರಿನ ಹಾಳೆ ತೋರಿಸಿ, ಇದು ನಿಮ್ಮ ಸಹಿಯೇ ಎಂದರು. ಹೌದು ಎಂದ. ಧರ್ಮೇಶ್‌, ಬಿ.ಎ., ಎಂದು ಅವರು ಓದಿದರು. ಹಿಂದಿನ ಬೆಂಚಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಹಾಳೆ ಹಳದಿಯಾಗಿತ್ತು, ಸಹಿಯ ಶಾಯಿ ಮಾತ್ರ ಇನ್ನೂ ಕಡುನೀಲಿ. ಬಾಗಿಲಲ್ಲಿ ಉದಯಕುಮಾರ್‌ ನಿಂತಿದ್ದ. ಮೂಲೆಯಲ್ಲಿ ಲಿಯಾನ್‌, ಕೈಗಳನ್ನು ಮುಂದೆ ಜೋಡಿಸಿಕೊಂಡು. ಸರ ಜಪ್ತಿ ಮಾಡುವಾಗ ನೀವು ಶೆಡ್ಡಿನಲ್ಲಿದ್ದಿರಾ ಎಂಬ ಪ್ರಶ್ನೆ ಬಂದು ನಿಂತಿತು. ಧರ್ಮೇಶನಿಗೆ ಮೂಟೆ ಕಂಡಿತು, ತಗಡಿನ ತೂತು ಕಂಡಿತು, ಹಸಿರು ಬಟ್ಟೆಯ ಮಡಿಕೆ ಕಂಡಿತು. ಇದ್ದೆ ಎಂಬ ಒಂದು ಮಾತು ನಾಲಗೆಯ ಮೇಲೆ ಬಂದು ಕೂತಿತು. ಎಷ್ಟು ಸುಲಭವಾಗಿತ್ತೆಂದರೆ ಅದರಿಂದಲೇ ಅವನಿಗೆ ಅನುಮಾನ ಹುಟ್ಟಿತು. ಇದು ಕರುಣೆಯೋ, ಹಳೆಯ ಸಹಿಯನ್ನು ಕಾಪಾಡಿಕೊಳ್ಳುವ ಗುಮಾಸ್ತನ ಹೆದರಿಕೆಯೋ? ಇಲ್ಲ ಅಂದರೆ ಅದು ಸತ್ಯವೋ, ಬಾಗಿಲಲ್ಲಿ ನಿಂತವನ ಭಯವೋ? ಮೇಷ್ಟ್ರು ಯಾಕೆ ಸಹಿ ಹಾಕಿದ್ರು ಎಂದು ಅಪ್ಪ ಎಲ್ಲೋ ಕೇಳಿದ. ಅರ್ಧ ಹೆಜ್ಜೆ ಆ ಕಡೆ ಸರಿದರೆ ಒಬ್ಬ, ಈ ಕಡೆ ಸರಿದರೆ ಇನ್ನೊಬ್ಬ. ಎಲ್ಲಾ ನೀನೇ.

"ನಾನು ಶೆಡ್ಡಿಗೆ ಹೋಗಿರಲಿಲ್ಲ. ನಾನು ಏನನ್ನೂ ನೋಡಿಲ್ಲ."

ಕೋರ್ಟಿನಲ್ಲಿ ಏನೂ ಆಗಲಿಲ್ಲ. ಫ್ಯಾನು ತಿರುಗುತ್ತಿತ್ತು, ಟೈಪು ಮಾಡುವ ಹುಡುಗಿ ಟೈಪು ಮಾಡಿದಳು. ಜಡ್ಜು ಮೊದಲ ಸಲ ಅವನತ್ತ ತಲೆಯೆತ್ತಿ, ಮತ್ತೆ ಸಹಿ ಯಾಕೆ ಮಾಡಿದಿರಿ ಎಂದು ಕೇಳಿದರು. ಈ ಪ್ರಶ್ನೆಗೆ ಅವನು ಅಭ್ಯಾಸ ಮಾಡಿರಲಿಲ್ಲ. ಮಳೆ ಎನ್ನಬಹುದಿತ್ತು, ಪೋಲೀಸರ ಒತ್ತಾಯ ಎನ್ನಬಹುದಿತ್ತು.

"ಕರೆದ್ರು, ಸ್ವಾಮಿ" ಎಂದ. "ನನ್ನನ್ನ ಕರೆದ್ರು."

ಸಾಕ್ಷಿ ತಿರುಗಿ ಬಿದ್ದದ್ದರಿಂದ ಪಾಟಿ ಸವಾಲಿಗೆ ಅನುಮತಿ ಬೇಕೆಂದು ಮಾಲಿನಿಯವರು ಕೇಳಿದರು, ಸಿಕ್ಕಿತು. ಕೆಲಸದ ಕೊನೆಯಲ್ಲಿ ಮೇಜು ಒರೆಸುವವರ ಹಾಗೆ ಎರಡು ಮೂರು ಪ್ರಶ್ನೆ ಹಾಕಿ ಕೂತರು. ಟೈಪಾದ ಹೇಳಿಕೆಯನ್ನು ಓದಿ ಸಹಿ ಮಾಡಲು ಕೊಟ್ಟಾಗ ಧರ್ಮೇಶ ಪ್ರತಿ ಸಾಲನ್ನೂ ಓದಿದ. ಕೊನೆಯದು: ಆರೋಪಿಗೆ ಸಹಾಯ ಮಾಡುವ ಉದ್ದೇಶದಿಂದ ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ. ಅದನ್ನು ಎರಡು ಸಲ ಓದಿದ. ಸರಿಯಲ್ಲ. ಬರೀ ಹೆಸರು ಬರೆದ, ಮುಂದೆ ಏನೂ ಸೇರಿಸಲಿಲ್ಲ. ಪೆನ್ನು ಹಿಂದಿರುಗಿಸಿ ತಿರುಗಿದಾಗ ಮೂಲೆ ಖಾಲಿಯಾಗಿತ್ತು. ಹೊರಗೆ, ಮೆಟ್ಟಿಲ ಕೆಳಗೆ, ಪೋಲೀಸು ವ್ಯಾನಿನ ಜಾಲರಿಯೊಳಗೆ ಆ ಮನುಷ್ಯ ಕೂತಿದ್ದ. ಬೈಯಬಹುದು, ಉಗಿಯಬಹುದು ಎಂದು ಧರ್ಮೇಶ ಅಲ್ಲೇ ನಿಂತ. ಅಷ್ಟಾದರೂ ಸಿಗಲಿ ಎಂದು ನಿಂತ. ಲಿಯಾನ್‌ ಇವನ ಕಡೆ ತಿರುಗಲೇ ಇಲ್ಲ. ಸೀಟಿನ ಕೆಳಗೆ ಬಿದ್ದ ಒಂದು ಚಪ್ಪಲಿಯನ್ನು ಕಾಲ ಬೆರಳಿನಿಂದ ಹುಡುಕುತ್ತಿದ್ದ.

ಉದಯಕುಮಾರ್‌ ಬಸ್‌ ಸ್ಟ್ಯಾಂಡಿನವರೆಗೂ ಜೊತೆಗೆ ಬಂದ. ಅಳುತ್ತಿದ್ದ, ಅಳುವುದನ್ನು ಮುಚ್ಚಿಕೊಳ್ಳಲಿಲ್ಲ. ಎಷ್ಟು ಜನರ ಕೈಕಾಲು ಹಿಡಿದೆ, ಎಂಎಲ್‌ಎ ಮನೆಗೆ ಎಷ್ಟು ಸಲ ಹೋದೆ, ನಿಮ್ಮಂಥ ಒಬ್ಬ ಪ್ರಾಮಾಣಿಕ ಮನುಷ್ಯನಿಂದ ಆಯ್ತು ಎಂದ. ಶಾಮಿಯಾನದಲ್ಲಿದ್ದವರು ಎದ್ದು ನಿಂತರು. ಯಾರೋ ಚಪ್ಪಾಳೆ ತಟ್ಟಿದರು. ಬೇಡ ಬೇಡ ಎಂದರೂ ಕೇಳದೆ ಒಂದು ಬಟ್ಟೆಯ ಚೀಲ ಕೈಗಿಟ್ಟರು, ಉಂಡೆ ಕೊಬ್ಬರಿ, ಮನೆಗೆ. ಬಸ್ಸಿನೊಳಗೂ ಸುದ್ದಿ ಹತ್ತಿತ್ತು. ಬೆಳಿಗ್ಗೆ ಖಾತೆಯ ಮಾತಾಡಿದವನು ಅದೇ ಬಸ್ಸಿಗೆ ವಾಪಸು ಹೊರಟವನು, ಟವಲಿನಿಂದ ಕಿಟಕಿಯ ಸೀಟು ಒರೆಸಿ, ಕೂತ್ಕಳಿ ಸಾಹೇಬ್ರೇ ಎಂದ. ನಿಂತೇ ಬರುತ್ತೇನೆ ಎಂದು ಹೇಳಬೇಕೆಂದುಕೊಂಡ ಧರ್ಮೇಶ ಕೂತ. ಬಾಣಾವರ, ಜಾವಗಲ್ಲು. ಚೀಲವನ್ನು ಯಾರಾದರೂ ಇಳಿದವರು ಮರೆತು ಬಿಟ್ಟ ಹಾಗೆ ಸೀಟಿನ ಕೆಳಗೆ ತಳ್ಳಿದ. ಹಳೇಬೀಡಿನಲ್ಲಿ ಇಳಿಯುವಾಗ ಕಂಡಕ್ಟರು ಕೂಗಿ ಕರೆದು ಕೊಟ್ಟ.

ಸಂಜೆಯ ಬಿಸಿಲು ಬಸದಿಯ ಗೋಡೆಯಿಂದ ಇಳಿದಿತ್ತು. ಅಪ್ಪ ಬೆಳಿಗ್ಗೆ ಕೂತ ಕಟ್ಟೆಯ ಮೇಲೆಯೇ ಕೂತಿದ್ದ, ಎದ್ದೇ ಇಲ್ಲವೇನೋ ಎಂಬಂತೆ. ಧರ್ಮೇಶ ಕೆಳಗಿನ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಿದ. ಅಪ್ಪ ಕೇಳುವುದಕ್ಕೆ ಮೊದಲೇ, ನೆಲ ನೋಡುತ್ತ, ನಾನು ನೋಡಿರಲಿಲ್ಲಪ್ಪ, ನೋಡದೇ ಸಹಿ ಹಾಕಿದ್ದೆ, ಇವತ್ತು ಹಾಗಂತ ಹೇಳಿದೆ ಎಂದ. ಒಳಗೆ ಮೀನಾಕ್ಷಿ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ಅಪ್ಪನ ಕೈ, ಗಂಟುಗಂಟಾದ ಒರಟು ಕೈ, ಅವನ ತಲೆಯ ಮೇಲೆ ಬಂದು ಕೂತಿತು. ಅದು ಚಿಕ್ಕಂದಿನಲ್ಲಿ ಬಸದಿಯ ಕಂಬದ ಮುಂದೆ ಹಾಗೆ ಕೂತಿದ್ದ ಕೈ.

"ಬುಟ್ರಾ ಅವನ್ನ?"

"ಬಿಡ್ತಾರೆ."

"ಮನೇಗೋಯ್ತಾನಾ?"

ಧರ್ಮೇಶ ತಲೆ ಎತ್ತಲಿಲ್ಲ. ಎತ್ತಿದರೆ ಕೈ ಜಾರುತ್ತಿತ್ತು.

"ಹೂಂ ಅಪ್ಪ. ಮನೆಗೆ ಹೋಗ್ತಾನೆ."

ಹೋಗ್ಲಿ ಬುಡು, ಮನೆಯವ್ರು ಕಾಯ್ತಿರ್ತಾರೆ ಎಂದು ಮರಿಯಣ್ಣ ನಕ್ಕ. ಚೀಲದೊಳಗೆ ಕೈಹಾಕಿ ಒಂದು ಕೊಬ್ಬರಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ, ಕಟ್ಟೆಯ ಅಂಚಿಗೆ ಕುಟ್ಟಿ ಒಡೆದ, ದೊಡ್ಡ ಹೋಳನ್ನು ಮಗನ ಕೈಗಿಟ್ಟ. ಒಳ್ಳೇ ಮಾಲು, ಯಾರ ತೋಟದ್ದು ಎಂದು ಕೇಳಿದ. ಧರ್ಮೇಶ ಅಗಿಯುತ್ತಿದ್ದ.